ಬ್ರೇಕ್ ಸವೀತದ, ಆ ಪುಡಿ ಎಲ್ಲಿಗೆ ಹೋಗ್ತದ?

ಬಸ್ಸಿನಾಗ ಕೂತು ಈ ಎಪಿಸೋಡ್ ಕೇಳ್ತಿದ್ರೆ ಒಂದು ಸಣ್ಣ ಕೆಲಸ ಮಾಡ್ರಿ. ಮುಂದಿನ ಸ್ಟಾಪ್ ಬಂದಾಗ ಒಂದು ಕಿವಿಯಿಂದ ಇಯರ್‌ಫೋನ್ ತೆಗೀರಿ. ಕೀಂ... ಅಂತ ಒಂದು ಸದ್ದು ಬರ್ತದಲ್ಲ, ಇವತ್ತಿನ ಕಥೆ ಆ ಸದ್ದಿನದು. ಆ ಒಂದು ಕ್ಷಣದಲ್ಲಿ ಎರಡು ವಸ್ತು ಒಂದಕ್ಕೊಂದು ಉಜ್ಜಿ ಎರಡೂ ಒಂಚೂರು ಸವೆದವು. ಸವೆದದ್ದು ಎಲ್ಲಿಗೆ ಹೋಯಿತು?

ನಮ್ಮೂರು ತುಕ್ಕಾನಟ್ಟಿ. ಮೊದಲು ಗೋಕಾಕ ತಾಲೂಕು ಅಂತಿದ್ವಿ, ಈಗ ಮೂಡಲಗಿ ತಾಲೂಕು. ಬೆಳಗಾವಿ ಜಿಲ್ಲೆ ಅಂದ್ರೆ ಕಬ್ಬು, ಕಬ್ಬು ಅಂದ್ರೆ ಟ್ರ್ಯಾಕ್ಟರ್. ಹಂಗಾಮು ಶುರುವಾಯ್ತು ಅಂದ್ರೆ ಹಗಲು-ರಾತ್ರಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಫ್ಯಾಕ್ಟರಿ ಕಡೆ ಸಾಲುಗಟ್ಟಿ ಹೋಗ್ತಾವೆ. ಆ ರಸ್ತೆ ಬದಿಗೆ ನಮ್ಮ ಕಾಕಾಂದು ಒಂದು ಗ್ಯಾರೇಜ್ ಇತ್ತು. ತಗಡಿನ ಶೆಡ್, ಬಾಜೂಕ ಒಂದು ಬೇವಿನ ಗಿಡ, ಗಿಡದ ಕೆಳಗೆ ಒಂದು ಕಂಪ್ರೆಸರ್. ಜೀಪು, ಟೆಂಪೊ, ಟ್ರ್ಯಾಕ್ಸ್, ಬೈಕು, ಏನು ಬಂದ್ರೂ ಕಾಕಾ ಇಲ್ಲ ಅಂತಿರಲಿಲ್ಲ.

ಸಾಲಿ ಸೂಟಿ ಇದ್ದಾಗ ನಾನು ಅಲ್ಲಿ ಹೆಲ್ಪರ್. ಬ್ರೇಕ್ ಕೆಲಸ ಬಂದ್ರೆ ನನ್ನ ಪಾತ್ರ ಏರ್ ಪೈಪ್ ಹಿಡಿಯೋದು. ಕಾಕಾ ಗಾಲಿ ಬಿಚ್ಚಿ, ಡ್ರಮ್ಮಿಗೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ಎಳೆದ್ರೆ ಒಳಗೆ ಎರಡು ಬ್ರೇಕ್ ಶೂ, ಅದರ ಮೇಲೆ ಸವೆದ ಲೈನರ್, ಸುತ್ತಲೂ ಕರಿ ಪುಡಿ. ಏರ್ ಹೊಡೆದರೆ ಒಂದು ಮೋಡ ಏಳ್ತಿತ್ತು. ಕಾಕಾ ಪ್ರತಿ ಸಲ ಒಂದೇ ಮಾತು ಹೇಳ್ತಿದ್ದ: "ಏ ತಮ್ಮಾ, ಮಾರಿ ಆ ಕಡೆ ಮಾಡ. ಕಣ್ಣಾಗ ಬೀಳ್ತದ."

ನೋಡ್ರಿ, ಕಾಕಾಗ ನನ್ನ ಕಣ್ಣಿನ ಕಾಳಜಿ ಇತ್ತು. ಪುಪ್ಪಸದ ಬಗ್ಗೆ ಅವನಿಗೆ ಯಾರೂ ಹೇಳಿರಲಿಲ್ಲ.

ಮುಂದೆ ನಾನು ಬಿ.ಕಾಂ. ಮಾಡಿದೆ. ಅಲ್ಲಿ "ಸವಕಳಿ" ಅಂತ ಒಂದು ಅಧ್ಯಾಯ. ಒಂದು ಮಷೀನು ವರ್ಷ ವರ್ಷ ಸವೀತದ, ಆ ಸವೆತವನ್ನು ಖರ್ಚು ಅಂತ ಬರೆದು ಮಷೀನಿನ ಬೆಲೆಯಲ್ಲಿ ಕಳೀಬೇಕು. ಪುಸ್ತಕದಲ್ಲಿ ಲೆಕ್ಕ ಸರಿಹೋಯ್ತು. ಆದ್ರೆ ಬ್ರೇಕ್ ಲೈನರಿನ ಸವಕಳಿ ಬರೇ ಅಂಕಿ ಅಲ್ಲ, ಅದು ವಸ್ತು. ಡೆಬಿಟ್ ಆದದ್ದು ಎಲ್ಲೋ ಕ್ರೆಡಿಟ್ ಆಗಲೇಬೇಕು. ಎಲ್ಲಿ ಆಯ್ತು ಅಂತ ನೂರು ವರ್ಷಕ್ಕಿಂತ ಜಾಸ್ತಿ ಕಾಲ ಯಾವ ಸರ್ಕಾರವೂ ಲೆಕ್ಕ ಬರೆದಿರಲಿಲ್ಲ.

ಮೊದಲಿಂದ ಶುರು ಮಾಡೋಣ. ಹಳೇ ಗಾಡಿಗಳಲ್ಲಿ ಬ್ರೇಕ್ ಅಂದ್ರೆ ಗಾಲಿಯ ಕಬ್ಬಿಣದ ಪಟ್ಟಿಗೆ ಒತ್ತುವ ಒಂದು ಕಟ್ಟಿಗೆ ತುಂಡು, ಅಷ್ಟೇ. ನಮ್ಮ ಕಡೆ ಚಕ್ಕಡಿ ಇಳಿಜಾರು ಇಳಿಯುವಾಗಲೂ ಇದೇ ತತ್ವ. ಕಟ್ಟಿಗೆ ಸವೀತಿತ್ತು, ಹೊಸದು ಕಟ್ತಿದ್ರು. ಬಿದ್ದದ್ದು ಕಟ್ಟಿಗೆ ಪುಡಿ, ಮಣ್ಣಿಗೆ ಸೇರ್ತಿತ್ತು.

1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್ ಅನ್ನೋ ಹೆಣ್ಣುಮಗಳು ತನ್ನ ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೋಟಾರು ಗಾಡಿ ತಗೊಂಡು, ಇಬ್ಬರು ಮಕ್ಕಳ ಜೊತೆ, ಗಂಡನಿಗೆ ಹೇಳದೇ ತವರಿಗೆ ಹೊರಟಳು. ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ನೂರು ಕಿಲೋಮೀಟರಿಗೂ ಜಾಸ್ತಿ. ಜಗತ್ತಿನ ಮೊದಲ ದೂರದ ಕಾರ್ ಪ್ರಯಾಣ ಅಂತ ಅದನ್ನ ಹೇಳ್ತಾರೆ. ದಾರಿಯಲ್ಲಿ ಇಳಿಜಾರು ಇಳಿದು ಇಳಿದು ಬ್ರೇಕಿನ ಕಟ್ಟಿಗೆ ಸವೀತು. ಆಕೆ ಒಂದು ಊರಿನಲ್ಲಿ ಚಪ್ಪಲಿ ಹೊಲಿಯುವವರ ಅಂಗಡಿಗೆ ಹೋಗಿ ಆ ಕಟ್ಟಿಗೆಗೆ ಚರ್ಮ ಬಡಿಸಿಕೊಂಡಳು. ಇವತ್ತು ನಾವು ಲೈನರ್ ಅಂತೀವಲ್ಲ, ಅದರ ಮೂಲ ಅದೇ.

ಹತ್ತು ವರ್ಷದೊಳಗೆ ಇಂಗ್ಲೆಂಡಿನಲ್ಲಿ ಹರ್ಬರ್ಟ್ ಫ್ರೂಡ್ ಅನ್ನುವವನು ಇದೇ ವಿಚಾರ ಹಿಡಿದ. ಅವನ ಕಡೆಯ ಗಾಡಿ ಹೊಡೆಯೋರು ಹಳೇ ಬೂಟನ್ನ ಬ್ರೇಕ್ ಕಟ್ಟಿಗೆಗೆ ಕಟ್ತಿದ್ದದ್ದು ನೋಡಿ ಅವನಿಗೆ ಹೊಳೀತಂತೆ. 1897ರಲ್ಲಿ ಕಂಪನಿ ಶುರುವಾಯ್ತು. ಅದೇ ಇವತ್ತಿಗೂ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ ಫೆರೊಡೊ. ಆದರೆ ಮೋಟಾರು ವೇಗ ಜಾಸ್ತಿ ಆದಂಗೆ ಬ್ರೇಕಿನ ಶಾಖವೂ ಜಾಸ್ತಿ ಆಯ್ತು. ಚರ್ಮ, ಹತ್ತಿ, ಎಲ್ಲ ಸುಟ್ಟು ಹೋಗ್ತಿತ್ತು. ಸುಡದ ಒಂದು ನಾರು ಬೇಕಾಗಿತ್ತು. 1908ರಲ್ಲಿ ಫ್ರೂಡ್ ಅದನ್ನ ಬಳಸಿದ. ಕನ್ನಡದಲ್ಲಿ ಅದಕ್ಕೆ ಎಷ್ಟು ಚೆಂದದ ಹೆಸರು ಐತಿ ನೋಡ್ರಿ: ಕಲ್ನಾರು. ಕಲ್ಲಿನ ನಾರು. ಆಸ್‌ಬೆಸ್ಟಾಸ್.

ಹೆಸರು ಚೆಂದ, ಗುಣ ಅಲ್ಲ. ಕಲ್ನಾರಿನ ಎಳೆ ಎಷ್ಟು ಸಣ್ಣದು ಅಂದ್ರೆ ಉಸಿರಿನ ಜೊತೆ ಪುಪ್ಪಸದ ತಳಕ್ಕೆ ಹೋಗಿ ಕೂಡ್ತದ, ಕರಗೋದಿಲ್ಲ. ಅದರಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳೋಕೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕಾಗ್ಬಹುದು. ಇದು ಆಗಿನವರಿಗೆ ಗೊತ್ತೇ ಇರಲಿಲ್ಲ ಅಂತ ಹೇಳೋ ಹಂಗಿಲ್ಲ. 1898ರಲ್ಲೇ ಬ್ರಿಟನ್ನಿನ ಮಹಿಳಾ ಕಾರ್ಖಾನೆ ಇನ್‌ಸ್ಪೆಕ್ಟರ್ ಲೂಸಿ ಡೀನ್ ಕಲ್ನಾರಿನ ಧೂಳು ಕಾರ್ಮಿಕರಿಗೆ ಹಾನಿ ಮಾಡ್ತದ ಅಂತ ವರದಿ ಬರೆದಿದ್ದಳು. 1924ರಲ್ಲಿ ನೆಲ್ಲಿ ಕೆರ್ಶಾ ಅನ್ನೋ ಕಲ್ನಾರು ಗಿರಣಿಯ ಕಾರ್ಮಿಕಳು ಸತ್ತಾಗ ವೈದ್ಯಕೀಯ ಪತ್ರಿಕೆಯಲ್ಲಿ ಆಕೆಯ ಪುಪ್ಪಸದ ವರದಿ ಬಂತು. 1931ರಲ್ಲಿ ಬ್ರಿಟನ್ ಕಲ್ನಾರು ಕಾರ್ಖಾನೆಗಳಿಗೆ ನಿಯಮ ಮಾಡಿತು. ಆದರೂ ಲೈನರಿನಲ್ಲಿ ಕಲ್ನಾರು ಇನ್ನೂ ಅರ್ಧ ಶತಮಾನಕ್ಕಿಂತ ಜಾಸ್ತಿ ಉಳೀತು. ಯಾಕಂದ್ರೆ ಅಗ್ಗ ಇತ್ತು, ಗಟ್ಟಿ ಇತ್ತು, ಬ್ರೇಕ್ ಚೆನ್ನಾಗಿ ಹಿಡೀತಿತ್ತು.

ಈಗ ಗ್ಯಾರೇಜಿಗೆ ಬರೋಣ. 1986ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಬರೀ ಮೆಕ್ಯಾನಿಕ್‌ಗಳಿಗೆ ಅಂತಲೇ ಒಂದು ಕೈಪಿಡಿ ಹೊರಡಿಸಿತು. 1994ರ ಹೊತ್ತಿಗೆ ಅಲ್ಲಿನ ಕಾರ್ಮಿಕ ಸುರಕ್ಷತೆ ನಿಯಮದಲ್ಲಿ ಬ್ರೇಕ್ ಕೆಲಸಕ್ಕೆ ಪ್ರತ್ಯೇಕ ವಿಧಾನ ಬಂತು: ಒಣ ಪುಡಿಗೆ ಏರ್ ಹೊಡೀಬಾರದು, ಒದ್ದೆ ಮಾಡಿ ಒರೆಸಬೇಕು, ಇಲ್ಲಾಂದ್ರೆ ಫಿಲ್ಟರ್ ಇರುವ ವ್ಯಾಕ್ಯೂಮಿನಿಂದ ಎಳೀಬೇಕು. ಅದಾಗಿ ಹತ್ತು ವರ್ಷ ಕಳೆದ ಮೇಲೂ ತುಕ್ಕಾನಟ್ಟಿಯಲ್ಲಿ ನಾನು ಏರ್ ಪೈಪ್ ಹಿಡಿದು ನಿಂತಿದ್ದೆ.

ನಮ್ಮ ದೇಶದಲ್ಲಿ ಏನಾಯ್ತು? 1986ರಲ್ಲಿ ಕಲ್ನಾರು ಗಣಿಗೆ ಹೊಸ ಗುತ್ತಿಗೆ ಕೊಡೋದನ್ನ ಕೇಂದ್ರ ಸರ್ಕಾರ ನಿಲ್ಲಿಸಿತು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹಾಕಿದ್ದ ಅರ್ಜಿ ಅದು. ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು. ಕಲ್ನಾರು ಉದ್ಯಮದ ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನ ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ ಇಡಬೇಕು ಅಂತಲೂ ಹೇಳಿತು. ಕಾಯಿಲೆ ಅಷ್ಟು ತಡವಾಗಿ ಬರ್ತದ ಅನ್ನೋದು ಕೋರ್ಟಿಗೆ ಗೊತ್ತಿತ್ತು.

ಆದರೆ ಆ ತೀರ್ಪಿನ ಕಣ್ಣು ಇದ್ದದ್ದು ಗಣಿ ಮತ್ತು ಕಾರ್ಖಾನೆ ಮೇಲೆ. ತಗಡಿನ ಶೆಡ್ಡಿನಲ್ಲಿ ಒಬ್ಬನೇ ಕೂತು ಲೈನರಿಗೆ ರಿವಿಟ್ ಬಡಿಯುವವನಿಗೆ ಯಾವ ಆರೋಗ್ಯ ದಾಖಲೆ? ಅವನೇ ಮಾಲೀಕ, ಅವನೇ ಕಾರ್ಮಿಕ. ಇನ್ನೊಂದು ವಿಷಯ: ಗಣಿ ನಿಂತರೂ ಆಮದು ನಿಂತಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2005ರಿಂದ ಕಲ್ನಾರು ಪೂರ್ತಿ ನಿಷೇಧ. ಅಮೆರಿಕ 1989ರಲ್ಲಿ ನಿಷೇಧಿಸೋಕೆ ಹೋಗಿ 1991ರಲ್ಲಿ ಕೋರ್ಟಿನಲ್ಲಿ ಸೋತು, ಕೊನೆಗೆ 2024ರ ಮಾರ್ಚ್‌ನಲ್ಲಿ ಬಿಳಿ ಕಲ್ನಾರನ್ನ ನಿಷೇಧಿಸಿತು. ಬ್ರೇಕ್ ಲೈನಿಂಗ್ ಆ ಪಟ್ಟಿಯಲ್ಲಿ ಹೆಸರು ಹಿಡಿದೇ ಇತ್ತು. ಭಾರತ ಇನ್ನೂ ಬಿಳಿ ಕಲ್ನಾರನ್ನ ಪೂರ್ತಿ ನಿಷೇಧಿಸಿಲ್ಲ. ದೊಡ್ಡ ಕಂಪನಿಗಳ ಲೈನರ್ ಡಬ್ಬಿ ಮೇಲೆ ಈಗ "ಆಸ್‌ಬೆಸ್ಟಾಸ್ ಫ್ರೀ" ಅಂತ ಬರೆದಿರ್ತದ. ಹೆಸರಿಲ್ಲದ ಅಗ್ಗದ ಲೈನರ್ ಮೇಲೆ ಏನೂ ಬರೆದಿರಲ್ಲ.

ಸರಿ, ಕಲ್ನಾರು ಹೋಯ್ತು ಅಂತ ಇಟ್ಕೊಳ್ಳೋಣ. ಮುಗೀತಾ? ಇಲ್ಲ. ಅದರ ಜಾಗಕ್ಕೆ ಬಂದ ಲೈನರು, ಪ್ಯಾಡುಗಳಲ್ಲಿ ತಾಮ್ರ, ಬೇರಿಯಂ, ಆಂಟಿಮನಿ, ಸತು, ಕಬ್ಬಿಣದ ಪುಡಿ, ರಾಳ, ಹಿಂಗೆ ಹತ್ತಾರು ಪದಾರ್ಥ. ಅದು ಉಜ್ಜೋದು ಎರಕದ ಕಬ್ಬಿಣದ ಡಿಸ್ಕಿಗೋ ಡ್ರಮ್ಮಿಗೋ. ನಮ್ಮ ಬೆಳಗಾವಿಯ ಫೌಂಡ್ರಿಗಳು ಇಂಥ ಎರಕಕ್ಕೆ ಹೆಸರುವಾಸಿ. ಎರಡೂ ಸವೀತಾವೆ. ಸವೆದ ಪುಡಿಯಲ್ಲಿ ಸುಮಾರು ಅರ್ಧದಷ್ಟು ಗಾಳಿಗೆ ಸೇರುವಷ್ಟು ಸಣ್ಣದಿರ್ತದ ಅಂತ ಅಧ್ಯಯನಗಳು ಹೇಳ್ತಾವೆ. ಸಣ್ಣದು ಅಂದ್ರೆ 10 ಮೈಕ್ರಾನಿಗಿಂತ ಕಡಿಮೆ. ನಿಮ್ಮ ತಲೆಗೂದಲಿನ ದಪ್ಪದಲ್ಲಿ ಐದಾರನೇ ಒಂದು ಭಾಗ. ಇದಕ್ಕೇ ಪಿಎಂ 10 ಅನ್ನೋದು.

ಕಲ್ನಾರಿನ ನಂತರ ಮೊದಲ ಕಾನೂನು ಬಂದದ್ದು ಮನುಷ್ಯರ ಸಲುವಾಗಿ ಅಲ್ಲ, ಮೀನಿನ ಸಲುವಾಗಿ! ಕ್ಯಾಲಿಫೋರ್ನಿಯಾದಲ್ಲಿ ಮಳೆ ಬಂದಾಗ ರಸ್ತೆ ಮೇಲಿನ ಬ್ರೇಕ್ ಪುಡಿ ಗಟಾರಕ್ಕೆ, ಅಲ್ಲಿಂದ ಹೊಳೆಗೆ, ಕೊಲ್ಲಿಗೆ ಹೋಗ್ತಿತ್ತು. ಅದರಲ್ಲಿನ ತಾಮ್ರ ಸಾಲ್ಮನ್ ಮೀನುಗಳ ವಾಸನೆಯ ಶಕ್ತಿ ಕೆಡಿಸ್ತಿತ್ತು. ವಾಸನೆ ತಿಳೀದಿದ್ರೆ ಆ ಮೀನಿಗೆ ಶತ್ರು ಯಾವುದು, ತನ್ನ ಹೊಳೆ ಯಾವುದು ಗೊತ್ತಾಗೋದಿಲ್ಲ. 2010ರಲ್ಲಿ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಎರಡೂ ರಾಜ್ಯಗಳು ಕಾನೂನು ಮಾಡಿದವು. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ ಬ್ರೇಕ್ ಪ್ಯಾಡಿನಲ್ಲಿ ತಾಮ್ರ ತೂಕದ ಶೇ 5 ಮೀರಬಾರದು, 2025ರಿಂದ ಶೇ 0.5 ಮೀರಬಾರದು. ತಯಾರಕರಿಗೆ ಹತ್ತು-ಹದಿನೈದು ವರ್ಷ ಟೈಮ್ ಕೊಟ್ರು, ಅವರು ಬದಲಾದ್ರು. ಇದನ್ನ ನೆನಪಿಡ್ರಿ: ಮೊದಲೇ ದಿನಾಂಕ ಹೇಳಿದ್ರೆ ಉದ್ಯಮ ದಾರಿ ಹುಡುಕ್ತದ.

ಆಮೇಲೆ ಗಾಳಿಯ ಸರದಿ. ಇಲ್ಲಿ ಒಂದು ಕಾಮರ್ಸ್ ಲೆಕ್ಕ ಹಾಕೋಣ. ನಮ್ಮಲ್ಲಿ ಭಾರತ್ ಸ್ಟೇಜ್ 4 ಇದ್ದಾಗ ಡೀಸೆಲ್ ಕಾರಿನ ಸೈಲೆನ್ಸರ್‌ನಿಂದ ಕಿಲೋಮೀಟರಿಗೆ 25 ಮಿಲಿಗ್ರಾಂ ಕಣ ಬಿಡಬಹುದಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು, ಮಿತಿ 4.5 ಮಿಲಿಗ್ರಾಂ ಆಯ್ತು. ಇದು ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಬ್ರೇಕ್? ಅದಕ್ಕೆ ಮಿತಿಯೇ ಇಲ್ಲ. ಸೈಲೆನ್ಸರಿನ ಪಾಲು ಇಳೀತಾ ಹೋದಂಗೆ ಉಳಿದದ್ದರ ಪಾಲು ಏರ್ತದ, ಇದು ಸಾದಾ ಶೇಕಡಾವಾರು. ಬ್ರಿಟನ್ನಿನ ಗಾಳಿ ಗುಣಮಟ್ಟದ ತಜ್ಞರ ತಂಡ 2019ರಲ್ಲೇ ಹೇಳಿತ್ತು: ಅಲ್ಲಿನ ರಸ್ತೆ ಸಾರಿಗೆಯ ಪಿಎಂ 10ರಲ್ಲಿ ಶೇ 73ರಷ್ಟು ಬರೋದು ಬ್ರೇಕು, ಟೈರು ಮತ್ತು ರಸ್ತೆಯ ಸವೆತದಿಂದ.

ಮಿತಿ ಹಾಕಬೇಕಾದ್ರೆ ಮೊದಲು ಅಳೀಬೇಕು. ಸೈಲೆನ್ಸರಿಗೆ ಪೈಪ್ ಹಚ್ಚಿದ್ರೆ ಮುಗೀತು. ಗಾಲಿಯೊಳಗೆ ಸುತ್ತ ಹಾರುವ ಪುಡಿಯನ್ನ ಹೆಂಗೆ ಹಿಡೀತೀರಿ? ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆಯಲ್ಲಿ ಇದಕ್ಕೆ ವರ್ಷಗಟ್ಟಲೆ ಕೆಲಸ ನಡೀತು. 2023ರಲ್ಲಿ ಜಾಗತಿಕ ತಾಂತ್ರಿಕ ನಿಯಮ 24 ಬಂತು. ಲ್ಯಾಬಿನಲ್ಲಿ ಒಂದು ಮುಚ್ಚಿದ ಪೆಟ್ಟಿಗೆ, ಅದರೊಳಗೆ ಬ್ರೇಕು, ಸುತ್ತಲೂ ಶುದ್ಧ ಮಾಡಿದ ಗಾಳಿ. ಸುಮಾರು ನಾಲ್ಕೂವರೆ ತಾಸು, 192 ಕಿಲೋಮೀಟರಿನಷ್ಟು ಓಟ, 303 ಸಲ ಬ್ರೇಕ್. ಹೊರಗೆ ಬರುವ ಗಾಳಿಯಲ್ಲಿ ಎಷ್ಟು ಪುಡಿ ಅಂತ ತೂಕ. ಈ ಓಟವನ್ನ ರೂಪಿಸೋಕೆ ಬಳಸಿದ ಡ್ರೈವಿಂಗ್ ಮಾಹಿತಿಯಲ್ಲಿ ಭಾರತದ ರಸ್ತೆಗಳದ್ದೂ ಸೇರಿತ್ತು. ಅಂದ್ರೆ ನಾವು ಬ್ರೇಕ್ ಹೊಡೆಯೋ ರೀತಿ ಜಗತ್ತಿನ ಪರೀಕ್ಷೆಯಲ್ಲಿ ಐತಿ, ನಮ್ಮ ಕಾನೂನಿನಲ್ಲಿ ಇನ್ನೂ ಇಲ್ಲ.

ಯುರೋಪ್ ಮುಂದಿನ ಹೆಜ್ಜೆ ಇಟ್ಟಿತು. 2024ರಲ್ಲಿ ಯುರೋ 7 ನಿಯಮ. ಬ್ರೇಕಿನ ಧೂಳಿಗೆ ಜಗತ್ತಿನಲ್ಲೇ ಮೊದಲ ಮಿತಿ: ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಪೂರ್ತಿ ಎಲೆಕ್ಟ್ರಿಕ್ ಕಾರಿಗೆ 3 ಮಿಲಿಗ್ರಾಂ. ಹೊಸ ಮಾದರಿಯ ಕಾರುಗಳಿಗೆ 2026ರ ನವೆಂಬರ್ 29ರಿಂದ, ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ ಅದರ ಮುಂದಿನ ವರ್ಷದಿಂದ. 7 ಮಿಲಿಗ್ರಾಂ ಅಂದ್ರೆ ಏನ್ ಮಹಾ ಅನ್ನಿಸ್ತದ. ವರ್ಷಕ್ಕೆ 10,000 ಕಿಲೋಮೀಟರ್ ಓಡುವ ಕಾರಿಗೆ 70 ಗ್ರಾಂ. ಅಂಥ ಒಂದು ಲಕ್ಷ ಕಾರಿಗೆ 7 ಟನ್. ಮಿತಿಯೊಳಗೆ ಇದ್ದರೂ ಇಷ್ಟು!

ಎಲೆಕ್ಟ್ರಿಕ್ ಗಾಡಿಗೆ ಯಾಕೆ ಕಡಿಮೆ ಮಿತಿ? ಅದು ನಿಧಾನ ಆಗುವಾಗ ಮೋಟಾರೇ ಜನರೇಟರ್ ಆಗಿ ಓಟದ ಶಕ್ತಿಯನ್ನ ಬ್ಯಾಟರಿಗೆ ವಾಪಸ್ ಕೊಡ್ತದ. ಪ್ಯಾಡ್ ಉಜ್ಜುವ ಪ್ರಸಂಗವೇ ಕಡಿಮೆ. ಆದರೆ ಬ್ಯಾಟರಿಯ ಭಾರ ಜಾಸ್ತಿ, ಹಂಗಾಗಿ ಟೈರ್ ಸವೆತದ ಲೆಕ್ಕ ಬೇರೆಯೇ ಐತಿ. ಸೈಲೆನ್ಸರ್ ಇಲ್ಲ ಅಂದ ಮಾತ್ರಕ್ಕೆ ಧೂಳೇ ಇಲ್ಲ ಅಂತಲ್ಲ.

ಈಗ ಒಂದು ಮಜಾ ಕೇಳ್ರಿ. ಧೂಳು ಕಡಿಮೆ ಮಾಡೋಕೆ ಇಂಜಿನಿಯರುಗಳ ಹತ್ತಿರ ಹಲವು ದಾರಿ ಅದಾವೆ. ಡಿಸ್ಕಿಗೆ ಗಟ್ಟಿ ಲೋಹದ ಲೇಪನ, ಬ್ರೇಕಿನ ಪಕ್ಕದಲ್ಲೇ ಒಂದು ಫಿಲ್ಟರ್, ಬೇರೆ ಮಿಶ್ರಣದ ಪ್ಯಾಡ್. ಇನ್ನೊಂದು ದಾರಿ ಹಳೇ ಡ್ರಮ್ ಬ್ರೇಕ್! ಡಬ್ಬಿಯ ಹಂಗೆ ಮುಚ್ಚಿರ್ತದ, ಪುಡಿ ಬಹಳಷ್ಟು ಒಳಗೇ ಉಳೀತದ. ಫೋಕ್ಸ್‌ವ್ಯಾಗನ್ ತನ್ನ ಐಡಿ 3 ಎಲೆಕ್ಟ್ರಿಕ್ ಕಾರಿನ ಹಿಂದಿನ ಗಾಲಿಗೆ ಡ್ರಮ್ ಬ್ರೇಕೇ ಹಾಕಿತು. ಇನ್ನೂ ಒಂದು ಹೆಜ್ಜೆ ಮುಂದೆ ಅಂದ್ರೆ ಎಣ್ಣೆಯಲ್ಲಿ ಮುಳುಗಿದ ಬ್ರೇಕು. ಸವೆದದ್ದು ಎಣ್ಣೆಯಲ್ಲೇ ಉಳೀತದ, ಗಾಳಿಗೆ ಬರೋದೇ ಇಲ್ಲ. ಇದು ಎಲ್ಲಿ ಸಿಗ್ತದ ಗೊತ್ತೇನು? ನಮ್ಮ ಕಬ್ಬಿನ ರಸ್ತೆಯಲ್ಲಿ. ಇತ್ತೀಚಿನ ಬಹಳಷ್ಟು ಟ್ರ್ಯಾಕ್ಟರುಗಳಿಗೆ ಆಯಿಲ್ ಬ್ರೇಕ್ ಇರೋದು ಇದೇ.

ಆದರೆ ಹಿಂದಿನ ಎರಡು ಟ್ರೇಲರಿಗೆ ಎಷ್ಟೋ ಸಲ ಬ್ರೇಕೇ ಇರೋದಿಲ್ಲ. ಅಷ್ಟೂ ಕಬ್ಬಿನ ಭಾರ ಹಿಡಿಯೋದು ಮುಂದಿನ ಟ್ರ್ಯಾಕ್ಟರಿನ ಬ್ರೇಕು ಒಂದೇ. ಧೂಳಿನ ಮಾತಿಗಿಂತ ಮೊದಲು ಅಲ್ಲಿ ಜೀವದ ಮಾತು ಐತಿ. ಬ್ರೇಕ್ ಅಂದ್ರೆ ಮೊದಲು ನಿಲ್ಲಿಸಬೇಕು. ಧೂಳು ಕಡಿಮೆ ಮಾಡ್ತೀನಿ ಅಂತ ಹಿಡಿತ ಕಡಿಮೆ ಮಾಡಿದ್ರೆ ಅದು ಬ್ರೇಕೇ ಅಲ್ಲ.

ನಮ್ಮೂರ ಗಾಳಿಗೆ ದೊಡ್ಡ ಶತ್ರು ಬ್ರೇಕು ಅಂತ ನಾನು ಹೇಳ್ತಿಲ್ಲ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ತೀವಿ, ಕಚ್ಚಾ ರಸ್ತೆಯ ಮಣ್ಣು ಏಳ್ತದ, ಒಲೆಯ ಹೊಗೆ ಐತಿ. ಅವುಗಳ ಮುಂದೆ ಬ್ರೇಕಿನ ಪುಡಿ ಸಣ್ಣದು. ದೊಡ್ಡ ಶಹರದ ಲೆಕ್ಕ ಬೇರೆ. ಬೆಂಗಳೂರಿನಲ್ಲಿ ನೋಂದಾಯಿತ ವಾಹನ 1 ಕೋಟಿ ದಾಟ್ಯಾವೆ, ಸಿಗ್ನಲ್ ಸಿಗ್ನಲಿಗೆ ಬ್ರೇಕ್. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ಊರು ಅದಾವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಅಲ್ಲಿ ಗುರಿ ಇರೋದು ಒಟ್ಟು ಪಿಎಂ ಇಳಿಸೋದು. ಪಿಯುಸಿ ಸರ್ಟಿಫಿಕೇಟ್ ಮಾತ್ರ ಇವತ್ತಿಗೂ ಸೈಲೆನ್ಸರನ್ನಷ್ಟೇ ನೋಡ್ತದ. ಇನ್ನೊಂದು ತೊಡಕು: ಯುರೋ 7 ಬೈಕು-ಸ್ಕೂಟರಿಗೆ ಅನ್ವಯಿಸೋದಿಲ್ಲ. ನಮ್ಮ ದೇಶದಲ್ಲಿ ಜಾಸ್ತಿ ಇರೋದೇ ಬೈಕು-ಸ್ಕೂಟರು. ಹಂಗಾಗಿ ಅವರ ನಿಯಮವನ್ನ ಹಂಗೇ ಎತ್ತಿ ತಂದ್ರೆ ನಮಗೆ ಸಾಲೋದಿಲ್ಲ. ನಮ್ಮ ಲೆಕ್ಕ ನಾವೇ ಬರೀಬೇಕು.

ನನ್ನ ಮಟ್ಟಿಗೆ ಆ ಲೆಕ್ಕದ ಮೊದಲ ಸಾಲು ಮೆಕ್ಯಾನಿಕ್. ರಸ್ತೆಯಲ್ಲಿ ಹೋಗುವವನಿಗೆ ಬ್ರೇಕಿನ ಪುಡಿ ಒಂದು ಚಿಟಿಕೆ. ಡ್ರಮ್ ಬಿಚ್ಚುವವನಿಗೆ ಸಾವಿರಾರು ಕಿಲೋಮೀಟರಿನ ಪುಡಿ ಒಂದೇ ಸಲ, ಮುಖದ ಮುಂದೆ. ಡ್ರಮ್ ಬ್ರೇಕು ರಸ್ತೆಯನ್ನ ಉಳಿಸಿ ಇಟ್ಟುಕೊಂಡ ಧೂಳನ್ನ ನಾವು ಗ್ಯಾರೇಜಿನಲ್ಲಿ ಏರ್ ಹೊಡೆದು ಹೊರಗೆ ಬಿಟ್ಟರೆ ಉಪಯೋಗ ಏನು?

ಕಾಕಾ ಈಗ ಗ್ಯಾರೇಜ್ ಬಿಟ್ಟಾನ. ಕೆಮ್ಮು ಐತಿ. ಬೀಡಿ ಸೇದ್ತಿದ್ದ, ರವದಿ ಹೊಗೆಯೂ ಕುಡಿದಾನ, ಹಂಗಾಗಿ ಇದಕ್ಕೆ ಬ್ರೇಕ್ ಪುಡಿಯೇ ಕಾರಣ ಅಂತ ನಾನು ಹೇಳೋ ಹಂಗಿಲ್ಲ. ಆದರೆ ಅವನನ್ನ ತೋರಿಸೋಕೆ ಕರ್ಕೊಂಡು ಹೋದಾಗ ಡಾಕ್ಟರು ಬೀಡಿ ಎಷ್ಟು ಸೇದ್ತಿದ್ರಿ ಅಂತ ಕೇಳಿದ್ರು. ಏನ್ ಕೆಲಸ ಮಾಡ್ತಿದ್ರಿ ಅಂತ ಕೇಳಲಿಲ್ಲ. ಕಾರ್ಡಿನಲ್ಲಿ "ಕೃಷಿ" ಅಂತ ಬರೆದಿತ್ತು. ಮೂವತ್ತು ವರ್ಷದ ಗ್ಯಾರೇಜ್ ಯಾವ ಕಾಗದದಲ್ಲೂ ಇಲ್ಲ. 40 ವರ್ಷ ದಾಖಲೆ ಇಡ್ರಿ ಅಂತ ಕೋರ್ಟ್ ಯಾಕೆ ಹೇಳಿತ್ತು ಅನ್ನೋದು ನನಗೆ ಅವತ್ತು ತಿಳೀತು.

ಈ ಎಪಿಸೋಡಿನ ತಯಾರಿ ಮಾಡುವಾಗ ನಾನು ಇದನ್ನೆಲ್ಲ ಕಾಕಾಗ ಹೇಳಿದೆ. ಅವ ಸುಮ್ಮನೆ ಕೇಳಿ, "ಹಂಗಾರ ನಮಗ ಯಾರರ ಒಂದ್ ಮಾತ್ ಹೇಳಬೇಕಿತ್ತಲ್ಲೋ ತಮ್ಮಾ. ಒದ್ದಿ ಅರಬಿಲೆ ಒರಸೂದು ಏನ್ ದೊಡ್ಡ ಕೆಲಸ?" ಅಂದ.

ಅಷ್ಟೇ ಕೆಲಸ ನೋಡ್ರಿ. ನಿಮ್ಮ ಬೈಕು, ಕಾರು ಬ್ರೇಕ್ ಕೆಲಸಕ್ಕೆ ಕೊಟ್ಟಾಗ ಏರ್ ಹೊಡೀಬ್ಯಾಡ್ರಿ, ನೀರು ಹಚ್ಚಿದ ಬಟ್ಟೆಯಿಂದ ಒರೆಸ್ರಿ ಅಂತ ಹೇಳ್ರಿ. ಕಲ್ನಾರು ಇಲ್ಲದ ಲೈನರ್ ಕೇಳಿ ಹಾಕಿಸ್ರಿ. ಚೋರ್ಲಾ ಘಾಟ್ ಇಳಿಯುವಾಗ ಹಳೇ ಡ್ರೈವರುಗಳು ಮಾಡುವಂಗೆ ಸಣ್ಣ ಗೇರಿನಲ್ಲಿ ಇಳೀರಿ, ಬ್ರೇಕೂ ಉಳೀತದ, ಜೀವವೂ ಉಳೀತದ. ಉಳಿದದ್ದು, ಅಂದ್ರೆ ಮಿತಿ, ಪರೀಕ್ಷೆ, ದಿನಾಂಕ, ಅದು ಸರ್ಕಾರದ ಕೆಲಸ. ಅದನ್ನ ಕೇಳುವ ಕೆಲಸ ನಮ್ಮದು.

ನಿಮ್ಮ ಓಣಿಯಲ್ಲೂ ಒಬ್ಬ ಮೆಕ್ಯಾನಿಕ್ ಕಾಕಾನೋ ಅಣ್ಣನೋ ಇದ್ದೇ ಇರ್ತಾನ. ಈ ಎಪಿಸೋಡ್ ಅವನಿಗೆ ಕಳಿಸ್ರಿ. ಮುಂದಿನ ವಾರ ಸಿಗೋಣ. ಬರ್ತೀನ್ರಿ.